ಅತ್ತೆ ಹಂಚಿದ ವಿಮಾನ

ನಮ್ಮ ಅತ್ತೆ ಒಂದು ಯುದ್ಧವಿಮಾನವನ್ನು ಮೂರು ತಾಲೂಕಿಗೆ ಹಂಚಿದ್ದಾಳೆ ಎಂದರೆ ನೀವು ನಂಬುವುದಿಲ್ಲ. ನಾನೂ ನಂಬಿರಲಿಲ್ಲ. ಮೊಗೆಕಾಯಿ ಹಂಚುತ್ತಾಳೆ, ಅದು ಗೊತ್ತಿತ್ತು. ಬಸಳೆ ಚಪ್ಪರಕ್ಕೆ ಹಬ್ಬಿತೆಂದರೆ ಅವಳ ಊರು ಹೊಳನಗದ್ದೆಯ ಅರ್ಧ ಒಲೆಗಳ ಮೇಲೆ ಅವಳದೇ ಬಸಳೆ. ಹಸು ಕರು ಹಾಕಿದರೆ ಗಿಣ್ಣದ ಹಾಲು ಮನೆಯವರ ಬಾಯಿಗೆ ಬೀಳುವ ಮೊದಲು ಕುಮಟೆ ಬಸ್ಸಿನ ಕಂಡಕ್ಟರನ ಮನೆ ಸೇರಿರುತ್ತದೆ. ಇದೆಲ್ಲ ಸರಿ. ಆದರೆ ವಿಮಾನ! ಅದನ್ನೂ ಹೆಚ್ಚಿ ಹೋಳು ಮಾಡಿ ಹಂಚುವವರನ್ನು ನೀವು ಕಂಡಿದ್ದೀರಾ?

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಸುಮ್ಮನೆ ಬಿದ್ದಿರುವ ಸಾಮಾನು ಕಂಡರೆ ಅವಳಿಗೆ ಮೈಯೆಲ್ಲ ತುರಿಕೆ. ಬಳಸದ ಕೊಡೆ, ಬಳಸದ ಹಂಡೆ, ಕೊನೆಗೆ ಬಳಸದ ಮನುಷ್ಯರನ್ನು ಕೂಡ ಅವಳು ಬಿಡುವವಳಲ್ಲ. ನಾನು ಹೊನ್ನಾವರದ ಶಾಲೆಯೊಂದರಲ್ಲಿ ಟೀಚರು. ದಸರಾ ರಜೆಗೆಂದು ಹೊಳನಗದ್ದೆಗೆ ಹೋದರೆ ಮೊದಲ ದಿನವೇ ನನ್ನನ್ನೂ ನನ್ನ ಹಳೆಯ ಕಾರನ್ನೂ ಊರವರ ಉಪಯೋಗಕ್ಕೆ ಕೊಟ್ಟುಬಿಡುತ್ತಾಳೆ. ಯಾರದೋ ಅಜ್ಜಿಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದರಲ್ಲಿ ನನ್ನ ರಜೆ ಮುಗಿಯುತ್ತದೆ.

ಮಾವ ಇದಕ್ಕೆ ತದ್ವಿರುದ್ಧ. ಅವರು ಯಾರಿಗೂ ಏನನ್ನೂ ಕೊಡುವುದಿಲ್ಲ, ಮಾತನ್ನು ಸಹ. ಪ್ರಾಯದಲ್ಲಿ ಘಟ್ಟದ ಮೇಲಿನ ವಿಮಾನದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ಅಲ್ಲಿ ಸೈನ್ಯಕ್ಕೆಂದು ಒಂದು ಹೊಸ ವಿಮಾನ ತಯಾರಾಗುತ್ತಿತ್ತಂತೆ. ಇನ್ನೇನು ಜೋಡಿಸಿ ಹಾರಿಸಬೇಕು ಎನ್ನುವಾಗ ಮೇಲಿನಿಂದ ಅಪ್ಪಣೆ ಬಂತು, ಯೋಜನೆ ರದ್ದು. ಯಾಕೆ ಎಂದು ಫಿಟ್ಟರನಿಗೆ ಯಾರು ಹೇಳುತ್ತಾರೆ? ತಯಾರಾದ ಭಾಗಗಳು ಅಂಗಳದಲ್ಲಿ ಮಳೆ ತಿಂದು, ಕಡೆಗೆ ಗುಜರಿ ಹರಾಜಿಗೆ ಬಂದವು. ಮಾವ ಕೆಲಸ ಬಿಟ್ಟರು, ಕೈಲಾದಷ್ಟು ಭಾಗಗಳನ್ನು ತಾವೇ ಕೊಂಡು ಲಾರಿಗೆ ಹೇರಿಸಿಕೊಂಡು ಊರಿಗೆ ಬಂದರು. ಕೊಟ್ಟಿಗೆಯ ಪಕ್ಕದ ಮಾಡಿನಲ್ಲಿ ಇಳಿಸಿ, ತಾಡಪಾಲು ಹೊದಿಸಿ ಅತ್ತೆಗೆ ಹೇಳಿದರಂತೆ, "ಇದನ್ನ ಎಂತ ಬೇಕಾದ್ರೂ ಮಾಡು. ನನ್ನ ಹತ್ರ ಮಾತ್ರ ಇದರ ಸುದ್ದಿ ತೆಗಿಬೇಡ."

ಎಂತ ಬೇಕಾದರೂ ಮಾಡು! ನಮ್ಮ ಅತ್ತೆಗೆ ಹೇಳುವ ಮಾತೇ ಇದು? ಕಟ್ಟಿಕೊಂಡ ಹೆಂಡತಿಯ ಸ್ವಭಾವ ಅಷ್ಟೂ ತಿಳಿಯಬೇಡವೇ ಗಂಡಸಿಗೆ! ನಮಗೆ ಮಕ್ಕಳಿಗೆ ಆ ತಾಡಪಾಲಿನ ಗುಡ್ಡೆ 'ಮಾವನ ಸಾಮಾನು' ಆಗಿತ್ತು, ಅಷ್ಟೆ. ನಾವು ದೊಡ್ಡವರಾಗುತ್ತ ಅದು ಸಣ್ಣದಾಗುತ್ತ ಬಂತು. ಒಂದು ವರ್ಷ ನೋಡಿದರೆ ಅಲ್ಲಿ ತೆಂಗಿನಕಾಯಿ ರಾಶಿ ಇತ್ತು. ಯಾರೂ ವಿಚಾರಿಸಲಿಲ್ಲ.

ಈ ವರ್ಷದ ರಜೆಯಲ್ಲಿ ವಿಚಾರಿಸುವವರೊಬ್ಬರು ಬಂದರು. ಬೂಟು ಹಾಕಿದ್ದರು, ಬಹಳ ಸೌಮ್ಯ ಮನುಷ್ಯ. ಘಟ್ಟದ ಮೇಲಿನ ಯಾವುದೋ ವಿಮಾನ ಮ್ಯೂಸಿಯಂನಿಂದ ಬಂದಿದ್ದೇನೆ ಎಂದರು. ಅವರು ಗೇಟು ತೆರೆಯುವಷ್ಟರಲ್ಲಿ, ವಿಮಾನ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಮಾವ ಗುದ್ದಲಿ ಹಿಡಿದು ಹಿತ್ತಲ ಬಾಗಿಲಿನಿಂದ ಹರಿವೆ ಪಾತಿಗೆ ನಡೆದುಬಿಟ್ಟರು.

"ಅಮ್ಮಾ, ಆ ವಿಮಾನದ್ದು ಅಂತ ದೇಶದಲ್ಲಿ ಈಗ ಉಳಿದಿರೋದು ನಿಮ್ಮ ಮನೆಯವರು ಕೊಂಡ ಭಾಗಗಳು ಮಾತ್ರ. ಬೇರೆಲ್ಲಾ ಕರಗಿಸಿಬಿಟ್ಟಿದ್ದಾರೆ. ನಮಗೆ ಕೊಟ್ಟರೆ ಜೋಡಿಸಿ, ಎಲ್ಲರೂ ನೋಡುವ ಹಾಗೆ ಇಡುತ್ತೇವೆ" ಎಂದರು ಅವರು.

ಅತ್ತೆ ಚಹದ ಲೋಟ ಮುಂದಿಟ್ಟಳು. "ವಿಮಾನವಾ? ಅದೆಲ್ಲ ಕೊಟ್ಟಾತಲ್ಲ ಸಾಯ್ಬ್ರೆ."

"ಯಾರಿಗೆ?"

"ಬೇಕಾದವ್ರಿಗೆ."

ಪಾಪ, ಅವರ ಚಹ ಗಂಟಲಲ್ಲೇ ನಿಂತಿತು. ನನ್ನದು ಮೂಗಿಗೆ ಏರಿತು. ನಾನು ಬಾಲ್ಯದಲ್ಲಿ ಕಣ್ಣಾಮುಚ್ಚಾಲೆ ಆಡುತ್ತ ಅಡಗಿ ಕುಳಿತದ್ದು ಯುದ್ಧವಿಮಾನದೊಳಗೆ ಎಂದು ತಿಳಿದದ್ದೇ ಆ ಕ್ಷಣದಲ್ಲಿ! ಆ ಪುಣ್ಯಾತ್ಮರು ಹೇಗೋ ಸುಧಾರಿಸಿಕೊಂಡು, "ಒಂದೂ ಉಳಿದಿಲ್ಲವೇ?" ಎಂದು ಕೇಳಿದರು.

"ಹೇಂಟೆದೊಂದು ಅದೆ" ಎಂದಳು ಅತ್ತೆ.

ಹೋಗಿ ನೋಡಿದೆವು. ಮಾವಿನ ಮರದ ನೆರಳಲ್ಲಿ, ಗಾಳಿಯಾಡಲೆಂದು ನಾಲ್ಕು ಕಲ್ಲಿನ ಮೇಲೆ ಏರಿಸಿದ ಒಂದು ಉದ್ದನೆಯ ಗಾಜಿನ ಗುಮ್ಮಟ. ಪೈಲಟ್ಟಿನ ತಲೆಯ ಮೇಲೆ ಮುಚ್ಚಬೇಕಾದದ್ದು. ಅದರೊಳಗೆ ಒಂದು ಹೇಂಟೆ ತನ್ನ ಮರಿಗಳ ಸಮೇತ ಕುಳಿತಿತ್ತು. ಎಷ್ಟೋ ವರ್ಷಗಳಿಂದ ನಾನು ದಿನಾ ಕಾಣುತ್ತಿದ್ದ ಕೋಳಿಗೂಡು ಅದು. ಯಾವುದೋ ಹಳೆಯ ಬಸ್ಸಿನ ಗಾಜು ಎಂದುಕೊಂಡಿದ್ದೆ.

"ಬುಟ್ಟಿ ಮುಚ್ಚಿದ್ರೆ ಮರಿಗೆ ಕತ್ತಲೆ ಸಾಯ್ಬ್ರೆ. ಇದಾದ್ರೆ ಒಳಗಿದ್ದೇ ಲೋಕ ನೋಡ್ತವೆ. ಗಿಡುಗ ಮೇಲಿಂದ ಎರಗಿ ಮೂತಿ ಜಜ್ಕಂಡು ಹೋತದೆ!" ಎಂದು ಅತ್ತೆ ಹೆಮ್ಮೆಯಿಂದ ವಿವರಿಸಿದಳು. ಮ್ಯೂಸಿಯಂನವರು ಮಂಡಿಯೂರಿ ಗಾಜಿಗೆ ಮುಖ ಹಚ್ಚಿದರು. ಒಳಗಿನಿಂದ ಹೇಂಟೆ ಅವರನ್ನು ಕುಕ್ಕಲು ಬಂತು. ದೇಶದ ಆಕಾಶ ಕಾಯಬೇಕಿದ್ದ ಗಾಜು ಮರಿಗಳನ್ನಾದರೂ ಕಾಯುತ್ತಿದೆಯಲ್ಲ ಎಂದು ನಾನು ಸಮಾಧಾನ ಹೇಳಿದೆ. ಅವರಿಗೆ ಸಮಾಧಾನವಾದ ಹಾಗೆ ಕಾಣಲಿಲ್ಲ.

"ರೆಕ್ಕೆ? ರೆಕ್ಕೆಯಾದರೂ ಇದೆಯೇ?" ಎಂದು ಕೇಳಿದರು.

"ಅದೆ ಅದೆ. ಬನ್ನಿ" ಎಂದು ಅತ್ತೆ ಮುಂದೆ ನಡೆದಳು. ತೋಟ ದಾಟಿ, ಹಳ್ಳದ ಹತ್ತಿರ ಬಂದೆವು. ಹಳ್ಳಕ್ಕೆ ಅಡ್ಡ ಹಾಕಿದ ಕಾಲುಸಂಕದ ನಡುವೆ ನಿಂತು ಅವರು ಕೈಯನ್ನು ಕಣ್ಣಿಗೆ ಮರೆಮಾಡಿ ಸುತ್ತ ಹುಡುಕಿದರು. "ಎಲ್ಲಮ್ಮಾ?"

"ನೀವು ನಿಂತದ್ದು ಎಂತದ್ರ ಮೇಲೆ?"

ಅವರು ಒಂದೇ ನೆಗೆತಕ್ಕೆ ಆಚೆ ದಡದಲ್ಲಿದ್ದರು. ಶಾಲೆಗೆ ಹೋಗುವ ಮಕ್ಕಳು, ಹಾಲು ಕೊಂಡೊಯ್ಯುವವರು, ಎತ್ತುಗಳು ಸಹ ದಾಟುವ ಆ ಸಂಕವನ್ನು ನಾನೂ ಸಾವಿರ ಸಲ ದಾಟಿದ್ದೇನೆ. ಮಾವ ಮಾತ್ರ ದಾಟುವುದಿಲ್ಲ. ಅವರು ಯಾವಾಗಲೂ ಲುಂಗಿ ಎತ್ತಿ ಕಟ್ಟಿ ಪಕ್ಕದಲ್ಲೇ ನೀರಿಗೆ ಇಳಿದು ಹೋಗುತ್ತಾರೆ. ಮಂಡಿನೋವಿಗೆ ತಣ್ಣೀರು ಹಿತವಾಗಿರಬೇಕು ಎಂದು ನಾವೆಲ್ಲ ತೀರ್ಮಾನಿಸಿದ್ದೆವು. ಅಂದು ಆ ಸಂಕದ ಮೇಲೆ ನಿಂತಾಗ ನನಗೆ ನಿಜವಾದ ಕಾರಣ ಹೊಳೆಯಿತು.

ಮನೆಗೆ ಬಂದು ಅತ್ತೆ ಆ ಮನುಷ್ಯನನ್ನು ಒಂದು ಮಾತು ಕೇಳಿದಳು. "ಎಲ್ಲ ತಿರುಗಿ ತಂದು ಕೊಡ್ತೆ. ಆದ್ರೆ ಒಯ್ಯೂಕೆ ಮುಂಚೆ ಒಂದ್ಸಲ ಇಲ್ಲೇ ಶಾಲೆ ಮೈದಾನದಲ್ಲಿ ಸಾಲಾಗಿ ಇಟ್ಟು ತೋರಿಸ್ತ್ರಾ? ಎಲ್ಲಿ ಎಂತ ಇರ್ಬೇಕೋ ಹಾಂಗೆ?"

"ಖಂಡಿತ. ಯಾರಿಗೆ ತೋರಿಸಬೇಕು?"

ಅತ್ತೆ ಹರಿವೆ ಪಾತಿಯ ಕಡೆ ಗದ್ದ ತಿರುಗಿಸಿದಳು. ಅಲ್ಲಿ ಮಾವ ನಮ್ಮ ಕಡೆ ಬೆನ್ನು ಹಾಕಿ, ಕಳೆಯೇ ಇಲ್ಲದ ಜಾಗದಲ್ಲಿ ಕಳೆ ತೆಗೆಯುತ್ತಿದ್ದರು.

ಆಮೇಲೆ ಅಡುಗೆಮನೆಯಲ್ಲಿ ನಾನು ಅತ್ತೆಯನ್ನು ಹಿಡಿದುಕೊಂಡೆ. "ಅಲ್ಲ ಅತ್ತೆ, ವಿಮಾನವನ್ನು ಯಾರಾದರೂ ಹಂಚುತ್ತಾರಾ?"

"ಎಂತ ಮಾಡೂದು ಮಗಾ? ಮಾಡಿನಲ್ಲಿ ಬಿದ್ಕಂಡಿದ್ರೆ ಇವ್ರಿಗೆ ಆ ದಿಕ್ಕಿಗೆ ಹೋಗೂಕೇ ಆಗ್ತಿರ್ಲಿಲ್ಲ. ಯಾರಿಗಾದ್ರೂ ಉಪಯೋಗಕ್ಕೆ ಬಂದ್ರೆ ಯಾವತ್ತಾದ್ರೂ ಒಂದಿನ ನೋಡ್ತ್ರೇನೋ ಅಂತ ಕೊಟ್ಟೆ. ತಂದ ದಿನದಿಂದ ಒಂದ್ಸಲ ಕಣ್ಣು ಹಾಯಿಸ್ಲಿಲ್ಲ. 'ನಾ ಮಾಡಿದ್ದು' ಅಂತ ಇವ್ರು ಯಾರ ಹತ್ರಾನೂ ಬಾಯಿಬಿಟ್ಟು ಹೇಳ್ಲಿಲ್ಲ. ಈಗ ದೂರ ಹೋಗ್ತದೆ ಅಂತಾದ್ರೆ, ಹೋಗೂದ್ರೊಳಗೆ ಒಂದ್ಸಲ ನೋಡ್ಲಿ. ನಂಗೆ ಬೇರೆ ಎಂತದೂ ಬೇಡ."

ಹೀಗೆ ನನ್ನ ರಜೆ ವಿಮಾನದ ಪಾಲಾಯಿತು. ಅತ್ತೆ ಪಕ್ಕದಲ್ಲಿ, ಮ್ಯೂಸಿಯಂನವರು ಹಿಂದಿನ ಸೀಟಿನಲ್ಲಿ. ಹಿಂದೊಂದು ಖಾಲಿ ಲಾರಿ.

ಮೊದಲು ಹೊನ್ನಾವರದ ಕಡೆಯ ಒಂದು ಹಳ್ಳಿ. ಅಲ್ಲಿನ ಯಕ್ಷಗಾನದ ತಂಡದವರಿಗೆ ಸಿಂಹಾಸನದ ಕಾಲು ಮುರಿದಿತ್ತು ಎಂದು ಅತ್ತೆ ಯಾವ ಕಾಲದಲ್ಲೋ ಪೈಲಟ್ಟಿನ ಸೀಟು ಕೊಟ್ಟಿದ್ದಳಂತೆ. ಜಗಲಿಯಲ್ಲಿ ಕೆಂಪು ಬಟ್ಟೆ ಹೊದ್ದು, ಬದಿಗೆ ಜರಿಪಟ್ಟಿ ಅಂಟಿಸಿಕೊಂಡು ಕೂತಿತ್ತು ಅದು. ಎದುರಿಗೆ ಯಾರೋ ಊದುಬತ್ತಿ ಹಚ್ಚಿಟ್ಟಿದ್ದರು.

"ರಾಜರು ಕೂತಿದ್ರು, ದೇವತೆಗಳು ಕೂತಿದ್ರು, ರಾಕ್ಷಸರು ಹತ್ತಿ ಕುಣ್ದಿದ್ರು. ಒಂದು ಮೊಳೆ ಅಲ್ಲಾಡ್ಲಿಲ್ಲ" ಎಂದರು ತಂಡದ ಯಜಮಾನರು. ಕೂತಿಲ್ಲದವನೆಂದರೆ ಪೈಲಟ್ ಒಬ್ಬನೇ. ಮ್ಯೂಸಿಯಂನವರು ಬಟ್ಟೆ ಸರಿಸಿ ಅಡಿಯಲ್ಲಿ ಕೊರೆದ ನಂಬರು ನೋಡಿದರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ನೋಡಿದರು. ಅವರಿಗೆ ಅಳು ಬರುತ್ತಿತ್ತೋ ನಗುವೋ ನನಗೆ ತಿಳಿಯಲಿಲ್ಲ.

ಅತ್ತೆ ಕೇಳಿದ ಕೂಡಲೇ ತಂಡದವರು ಸೀಟು ಎತ್ತಿ ಕೊಟ್ಟರು. ಒಂದು ಮಾತು ಎದುರಾಡಲಿಲ್ಲ. ನಮ್ಮ ಕಡೆ ಮದುವೆಯ ದೊಡ್ಡ ಹಂಡೆ, ಕಡಾಯಿಗಳು ಹೀಗೆಯೇ. ಯಾರದೋ ಮನೆಯದು ಯಾರದೋ ಮನೆಯಲ್ಲಿ ವರ್ಷಗಟ್ಟಲೆ ಇರುತ್ತದೆ, ಕೇಳಿದ ದಿನ ತಿರುಗಿ ಬರುತ್ತದೆ. ಆದರೆ ಬರಿದಾಗಿ ಬರುವುದಿಲ್ಲ! ತಿರುಗಿ ಕೊಡುವ ಪಾತ್ರೆಯಲ್ಲಿ ಒಂದು ಹಿಡಿ ಅಕ್ಕಿಯೋ, ಬೆಲ್ಲದ ತುಂಡೋ, ನಾಲ್ಕು ಮೆಣಸಿನಕಾಯಿಯೋ ಇರಲೇಬೇಕು. ಇಲ್ಲಿ ಪೈಲಟ್ಟಿನ ಸೀಟಿನ ಮೇಲೆ ಒಂದು ಬಾಳೆಗೊನೆ ಕೂತು ಲಾರಿ ಏರಿತು.

"ಮೇಡಂ, ಇದನ್ನು ಇಳಿಸಬಹುದಲ್ಲ?" ಎಂದು ಮ್ಯೂಸಿಯಂನವರು ನನ್ನ ಕಿವಿಯಲ್ಲಿ ಕೇಳಿದರು.

"ಇಳಿಸಿದರೆ ಅವರು ಸೀಟನ್ನೂ ಇಳಿಸುತ್ತಾರೆ" ಎಂದೆ.

ಮುಂದೆ ಭಟ್ಕಳದ ತೆಂಗಿನಗುಂಡಿ. ಅಲ್ಲಿ ಕಾದಿದ್ದ ಆಘಾತ ಉಳಿದವೆಲ್ಲಕ್ಕಿಂತ ದೊಡ್ಡದು. ವಿಮಾನದ ಹೊಟ್ಟೆಯ ಕೆಳಗೆ ತೂಗುವ ಎಣ್ಣೆ ಟ್ಯಾಂಕು ಉದ್ದಕ್ಕೆ ಸೀಳಿಸಿಕೊಂಡು ದೋಣಿಯಾಗಿತ್ತು. ನೀಲಿ ಬಣ್ಣ, ಮೂತಿಯಲ್ಲಿ ಎರಡು ಕಣ್ಣು, ಕೊರಳಿಗೆ ಒಣಗಿದ ಹೂವಿನ ಹಾರ! ಅತ್ತೆ ಭಟ್ಕಳದ ಸಂತೆಗೆ ಈರುಳ್ಳಿ ಗೊಂಚಲು ಮಾರಲು ಹೋದಾಗ ಪರಿಚಯವಾದ ಮೀನುಗಾರ ದಂಪತಿಗಳ ಮನೆಯದು. ದೋಣಿಯ ಯಜಮಾನ ಮ್ಯೂಸಿಯಂನವರ ಹೆಗಲ ಮೇಲೆ ಕೈಯಿಟ್ಟು, "ಸಾರ್, ಇದರ ಓಟ ನೋಡ್ಬೇಕು ನೀವು. ಅಳಿವೆಯಲ್ಲಿ ಉಳಿದ ದೋಣಿಯೆಲ್ಲ ಹಿಂದೆ. ಹಾರೂಕೆ ಅಂತ ಮಾಡಿದ್ದಲ್ವಾ, ಅದರ ಸೊಕ್ಕು ಬಿಡ್ಲಿಲ್ಲ" ಎಂದ.

"ಸೀಳಿದಿರಾ? ಸೀಳಿಯೇಬಿಟ್ಟಿರಾ?" ಎಂದು ಇವರು ಹಣೆ ಹಿಡಿದುಕೊಂಡು ಮರಳಿನ ಮೇಲೆ ಕೂತುಬಿಟ್ಟರು.

ಯಜಮಾನನ ಹೆಂಡತಿ ಅವರಿಗೆ ಎಳನೀರು ಕೊಟ್ಟು ಎಬ್ಬಿಸಿದಳು. ದೋಣಿಗೆ ಕುಂಕುಮ ಹಚ್ಚಿ, ಒಳಗೆ ಬುಟ್ಟಿಗಟ್ಟಲೆ ಒಣಮೀನು ತುಂಬಿ, ಗಂಡನೂ ಅವಳೂ ಹೊತ್ತು ಲಾರಿಗೆ ಏರಿಸಿದರು. ಆ ವಾಸನೆ! ಲಾರಿ ಹೈವೇಯಲ್ಲಿ ಹೋಗುವಾಗ ಬೆಕ್ಕುಗಳು ಅಂಗಡಿ ಕಟ್ಟೆಯಿಂದ ಎದ್ದು ನಿಂತು ನೋಡಿದವು.

"ಅಮ್ಮಾ, ಮ್ಯೂಸಿಯಂನಲ್ಲಿ ಒಣಮೀನನ್ನು ಎಲ್ಲಿಡಲಿ?"

"ಇಡೂದು ಎಂತಕ್ಕೆ ಸಾಯ್ಬ್ರೆ? ಹುರ್ಕಂಡು ಉಣ್ಣಿ."

ಹೀಗೆ ಒಂದೊಂದಾಗಿ ಬಂದವು. ಹಳ್ಳಕ್ಕೆ ತೆಂಗಿನ ಮರದ ಸಂಕ ಹಾಕಿ ರೆಕ್ಕೆಯನ್ನು ಎತ್ತಿದ ದಿನ ಊರವರು ಅದರ ಮೇಲೂ ಎರಡು ಈರುಳ್ಳಿ ಗೊಂಚಲು ಕಟ್ಟಿದರು. ಹೇಂಟೆ ಬುಟ್ಟಿಯೊಳಗೆ ಹೋಗುವಾಗ ಇಡೀ ಹೊಳನಗದ್ದೆಗೆ ಕೇಳುವ ಹಾಗೆ ಬೈದಿತು.

ಮ್ಯೂಸಿಯಂನವರು ಮಾತಿಗೆ ತಪ್ಪಲಿಲ್ಲ. ಶಾಲೆಯ ಮೈದಾನದಲ್ಲಿ ಸುಣ್ಣದ ಗೆರೆ ಎಳೆದು, ಇಲ್ಲಿ ಮೂತಿ, ಇಲ್ಲಿ ಸೀಟು, ಅದರ ಮೇಲೆ ಗಾಜು, ಬದಿಗೆ ರೆಕ್ಕೆ ಎಂದು ಜೋಡಿಸಿದರು. ಇಲ್ಲದ ಭಾಗವೇ ಹೆಚ್ಚು. ಆದರೂ ನೋಡುನೋಡುತ್ತ ನೆಲದ ಮೇಲೆ ಒಂದು ವಿಮಾನ ಬಿದ್ದುಕೊಂಡಿತು. ಊರಿಗೆ ಊರೇ ಬಾಯಿ ತೆರೆದು ನಿಂತಿತು. ತಾವು ತುಳಿದದ್ದು, ತಮ್ಮ ಕೋಳಿ ಕೂತದ್ದು, ಎಲ್ಲ ಸೇರಿದರೆ ಇದು ಎಂದು ಯಾರು ಎಣಿಸಿದ್ದರು?

ಅತ್ತೆ ಹೊಸ ಸೀರೆ ಉಟ್ಟು ಬಂದಿದ್ದಳು. ಅವಳಿಗೆ ವಿಮಾನ ನೋಡುವ ಗಮನವೇ ಇರಲಿಲ್ಲ. ಕಣ್ಣು ಬೇಲಿಯ ಕಡೆಗೇ. ಬೇಲಿಯ ಆಚೆ ನಮ್ಮದೇ ಹರಿವೆ ಪಾತಿ. ಮಾವ ಅಲ್ಲೇ ಇದ್ದರು, ಬೆನ್ನು ಬಗ್ಗಿಸಿಕೊಂಡು. ನಾನು ಹೋಗಿ ಕರೆದೆ. "ಕೆಲಸ ಅದೆ" ಎಂದರು. ಜನ ನೋಡಿ ಮುಗಿಸಿ ಚದುರಿದರು. ಬಿಸಿಲು ಏರಿತು. ಅತ್ತೆ ಒಂದು ಮೂಲೆಯಲ್ಲಿ ಕುಳಿತು ಸೆರಗಿನ ಅಂಚನ್ನು ಸುರುಳಿ ಸುತ್ತುತ್ತಿದ್ದಳು. ಅವಳು ಹಾಗೆ ಸುಮ್ಮನೆ ಕುಳಿತದ್ದನ್ನು ನಾನು ನೋಡಿರಲಿಲ್ಲ. ನನಗೆ ಮಾವನ ಮೇಲೆ ಭಯಂಕರ ಸಿಟ್ಟು ಬಂತು. ಒಂದು ಸಲ ತಲೆಯೆತ್ತಿದರೆ ಈ ಮನುಷ್ಯನ ಗಂಟೇನು ಹೋಗುತ್ತಿತ್ತು!

ಅಷ್ಟರಲ್ಲಿ ಮ್ಯೂಸಿಯಂನವರು ರೆಕ್ಕೆಯ ಹಿಂಬದಿಯಲ್ಲಿ ಬೆರಳಿಟ್ಟು, "ಇಲ್ಲೊಂದು ಮಡಚುವ ಹಲಗೆ ಇರಬೇಕಲ್ಲಮ್ಮ? ಇಳಿಯುವಾಗ ಕೆಳಗೆ ಬಾಗುವಂಥದ್ದು? ಅದೆಲ್ಲಿ?" ಎಂದು ಗಟ್ಟಿಯಾಗಿ ಕೇಳಿದರು.

"ಅದು ಕಾಗಾಲದಲ್ಲಿ ಅದೆ. ಈಗ ತೆಗಿಯೂಕೆ ಆಗೂದಿಲ್ಲ. ಗಜನಿ ಗದ್ದೆಗೆ ಉಪ್ಪುನೀರು ಬರದ ಹಾಂಗೆ ನಿಲ್ಲಿಸಿಟ್ಟಿದ್ರು" ಎಂದಳು ಅತ್ತೆ.

ಬೇಲಿಯಾಚೆ ಗುದ್ದಲಿ ಬಿದ್ದ ಸದ್ದಾಯಿತು.

"ಎಂತದು? ಉಪ್ಪುನೀರಿಗಾ?" ಎಂದು ಒಂದು ಕೂಗು. ಮಾವ ಬೇಲಿ ಹಾರಿ ಬರುತ್ತಿದ್ದರು! ಮಂಡಿನೋವಿನ ಮಾವ! "ಅಲ್ಯೂಮಿನಿಯಂ ಅದು! ಉಪ್ಪುನೀರಿಗೆ ಕೊಟ್ಯಾ? ತಿಂದು ಹಾಕ್ತದೆ ಅದನ್ನ! ನಿಂಗೆ ಎಂತ ತಲೆ ಸಮ ಇಲ್ವಾ?"

ಇಷ್ಟು ಉದ್ದದ ಮಾತನ್ನು ನಾನು ಮಾವನ ಬಾಯಿಂದ ಕೇಳಿದ್ದೇ ಮೊದಲು. ಅತ್ತೆ ಬೈಗುಳ ತಿಂದವಳ ಹಾಗೆ ಇರಲೇ ಇಲ್ಲ. ಮುಖ ಅರಳಿತ್ತು. "ಹೌದು, ಕೊಟ್ಟೆ. ಹಾಳಾಗ್ಯದೆಯಾ ಇಲ್ವಾ ಅಂತ ಬಂದು ನೀವೇ ನೋಡಿ" ಎಂದಳು. ಮಾವ ನೆಲದ ಮೇಲಿದ್ದ ವಿಮಾನವನ್ನು ನೋಡಲೂ ಇಲ್ಲ, ಸೀದಾ ಹೋಗಿ ನನ್ನ ಕಾರಿನಲ್ಲಿ ಕುಳಿತರು. ಕಾಲೆಲ್ಲ ಕೆಸರು.

ಕಾಗಾಲದ ಗಜನಿ ಎಂದರೆ ಅಘನಾಶಿನಿ ಹೊಳೆಯ ಅಂಚಿನ ಗದ್ದೆ. ಭರತದಲ್ಲಿ ಸಮುದ್ರದ ನೀರು ಹೊಳೆಯೊಳಗೆ ಏರಿ ಬರುತ್ತದೆ. ಅದು ಗದ್ದೆಗೆ ನುಗ್ಗದಂತೆ ಕಟ್ಟೆಯ ನಡುವೆ ಹಲಗೆ ಇಳಿಸುವ ಬಾಗಿಲಿರುತ್ತದೆ, ಜಂತ್ರಡಿ ಎನ್ನುತ್ತಾರೆ. ನಾವು ಹೋದಾಗ ಕಗ್ಗ ಭತ್ತ ತೆನೆ ತೂಗುತ್ತ ನಿಂತಿತ್ತು. ಜಂತ್ರಡಿ ಕಾಯುವ ಮುದುಕರೊಬ್ಬರು ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕುತ್ತಿದ್ದರು. ಮಾವ ಯಾರನ್ನೂ ಮಾತನಾಡಿಸದೆ ಅಲ್ಲಿ ಮೊಣಕಾಲೂರಿದರು, ನೀರಿಗೆ ಕೈ ಹಾಕಿ ಹಲಗೆಯ ಅಂಚನ್ನು ಹೆಬ್ಬೆರಳಿನಿಂದ ಸವರುತ್ತ ಹೋದರು.

ಮುದುಕರಿಗೆ ಇವರು ಯಾರೆಂದು ಗೊತ್ತಿಲ್ಲ. ವಿವರಿಸತೊಡಗಿದರು. "ಹೆದ್ರಬೇಡಿ, ಎಂತ ಆಗ್ಲಿಲ್ಲ ಅದಕ್ಕೆ. ಪ್ರತಿ ವರ್ಷ ತೆಗೆದು ತೊಳೆದು ಗೇರೆಣ್ಣೆ ಹಚ್ತೆ, ದೋಣಿಗೆ ಹಚ್ಚಿದಾಂಗೆ. ಮುಂಚೆ ಮರದ ಹಲಗೆ ಇತ್ತು, ಕೊಳ್ತು ಕೊಳ್ತು ಹೋಗ್ತಿತ್ತು. ಒಂದ್ಸಲ ರಾತ್ರಿ ಬೆಳಗಾಗೂದ್ರೊಳಗೆ ಬೆಳೆಯೆಲ್ಲ ಉಪ್ಪಾಗಿ ಹೋತು. ಇದು ಬಂದ್ಮೇಲೆ ಒಂದು ತೊಟ್ಟು ಒಳಗೆ ಬರ್ಲಿಲ್ಲ. ಯಾರು ಮಾಡಿದ್ದೋ, ಅವ್ರ ಹೊಟ್ಟೆ ತಣ್ಣಗಿರ್ಲಿ."

ಮಾವನ ಕೈ ನೀರಿನಲ್ಲೇ ನಿಂತಿತು. ಆಮೇಲೆ ತಲೆಯೆತ್ತದೆಯೇ, "ನಾ ಮಾಡಿದ್ದು" ಎಂದರು.

ಅತ್ತೆ ನನ್ನ ತೋಳು ಹಿಡಿದಳು. ಉಗುರು ನಾಟಿತು.

"ಸಾರ್, ಇದು ಸಿಕ್ಕಿದರೆ ರೆಕ್ಕೆ ಪೂರ್ತಿಯಾಗುತ್ತದೆ" ಎಂದು ಮ್ಯೂಸಿಯಂನವರು ಮೆಲ್ಲಗೆ ಹೇಳಿದರು. "ಕೊಯ್ಲಾದ ಮೇಲೆ ಬಂದು ಒಯ್ಯಲೇ?"

"ಬೇಡ. ಇಲ್ಲೇ ಇರ್ಲಿ."

"ಆ ಜಾಗ ಖಾಲಿ ಬಿಡಬೇಕಾಗುತ್ತದಲ್ಲ? ನೋಡಿದವರು ಕೇಳುತ್ತಾರೆ."

"ಕೇಳಿದ್ರೆ, ಕೆಲಸಕ್ಕೆ ಹೋಗ್ಯದೆ ಅಂತ ಹೇಳಿ" ಎಂದರು ಮಾವ.

ಭರತ ಏರುತ್ತಿತ್ತು. ಹೊಳೆಯ ಕಡೆ ನೀರು ಹಲಗೆಯ ಅರ್ಧಕ್ಕೆ ಬಂತು, ಮುಕ್ಕಾಲಿಗೆ ಬಂತು. ಒಳಗಡೆ ಗದ್ದೆಯ ಮಣ್ಣು ಹಾಗೆಯೇ ಇತ್ತು. ಮಾವ ಅಲ್ಲಿಂದ ಏಳಲಿಲ್ಲ, ನಾವು ಯಾರೂ ಎಬ್ಬಿಸಲಿಲ್ಲ. ನೀರು ನಿಂತ ಮೇಲೆ ಅತ್ತೆಯ ಕಡೆ ತಿರುಗಿದರು.

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ನೀನು?"

"ನೀವು ಕೇಳಿದ್ರಾ?" ಎಂದಳು ಅತ್ತೆ. ಗಟ್ಟಿಯಾಗಿ ಹೇಳಲು ಹೊರಟಿದ್ದಳು, ಸ್ವರ ಅರ್ಧದಲ್ಲೇ ಒಡೆಯಿತು.

ಕಟ್ಟೆ ಜಾರುತ್ತಿತ್ತು. ಅತ್ತೆ ಇಳಿಯಲು ಅನುಮಾನಿಸಿದಾಗ ಮಾವ ಕೈ ಚಾಚಿದರು, ಕೆಸರಿನ ಕೈ. ಅವಳು ಹಿಡಿದುಕೊಂಡಳು. ಮುದುಕರ ಎದುರಿಗೆ, ಮ್ಯೂಸಿಯಂನವರ ಎದುರಿಗೆ, ಹೆಣ್ಣುಮಗಳಾದ ನನ್ನ ಎದುರಿಗೆ! ಒಬ್ಬರನ್ನೊಬ್ಬರು ಹೆಸರು ಹಿಡಿದೂ ಕರೆಯದ ಇವರು! ಇಳಿದಾದ ಮೇಲೂ ಬಿಡಲಿಲ್ಲ, ಕಟ್ಟೆ ಮುಗಿದ ಮೇಲೂ ಬಿಡಲಿಲ್ಲ. ನಾನು ಕಾರಿನ ಬೀಗದ ಕೈ ಹುಡುಕುವ ನೆವದಲ್ಲಿ ಹಿಂದೆಯೇ ಉಳಿದು, ಕಣ್ಣು ಒರೆಸಿಕೊಂಡೆ.